ಲೈಬ್ರರಿ ಬಾಗಿಲಲ್ಲಿ ಬರೆದ ಫೋನ್ ನಂಬರ್ ಎಲ್ಲಿಗೆ ಹೋಗುತ್ತೆ?

ಚಳ್ಳಕೆರೆ/ಮೊಳಕಾಲ್ಮುರು: ಕಾಲೇಜು ಲೈಬ್ರರಿಗೆ ಕಾಲಿಟ್ಟ ಕೂಡಲೇ ಎದುರಾಗೋದು ಒಂದು ಉದ್ದನೆಯ ರಿಜಿಸ್ಟರ್. ಹೆಸರು, ತರಗತಿ, ರೋಲ್ ನಂಬರ್, ಬಂದ ಸಮಯ, ಹೋದ ಸಮಯ, ಸಹಿ. ಕೆಲವು ಕಡೆ ಮೊಬೈಲ್ ನಂಬರಿಗೂ ಒಂದು ಕಾಲಂ. ದಾರಕ್ಕೆ ಕಟ್ಟಿದ ಪೆನ್ನು ಹಿಡಿದು ತನ್ನ ಹೆಸರು ಬರೆಯುವವನು ಮೇಲಿನ ಇಪ್ಪತ್ತು ಸಾಲುಗಳನ್ನೂ ಓದಬಹುದು. ಬೇಕಿದ್ರೆ ಫೋಟೊ ತೆಗೆಯಬಹುದು. ತಡೆಯೋರು ಯಾರೂ ಇಲ್ಲ.

‘ಅದ್ರಲ್ಲಿ ಏನಿದೆ ಮಹಾ, ಬರೀ ಹೆಸರು ತಾನೇ’ ಅನ್ನೋರೇ ಹೆಚ್ಚು. ಆದರೆ ಪರಶುರಾಂಪುರ, ತಳಕು ಕಡೆಯಿಂದ ಚಳ್ಳಕೆರೆಗೆ, ರಾಂಪುರ, ಕೊಂಡ್ಲಹಳ್ಳಿ ಕಡೆಯಿಂದ ಮೊಳಕಾಲ್ಮುರಿಗೆ ಬಸ್ಸಲ್ಲಿ ಓದೋಕೆ ಬರುವ ಹುಡುಗಿಯರ ಜಾಗದಲ್ಲಿ ನಿಂತು ನೋಡಬೇಕು. ಯಾರು, ಎಷ್ಟು ಹೊತ್ತಿಗೆ ಬರ್ತಾಳೆ, ಎಷ್ಟು ಹೊತ್ತಿಗೆ ಹೊರಡ್ತಾಳೆ, ನಂಬರ್ ಏನು, ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತೆ. ಗೊತ್ತಿಲ್ಲದ ನಂಬರಿನಿಂದ ಕಾಲ್ ಬರೋಕೆ ಶುರುವಾದರೆ ಎಷ್ಟೋ ಮನೆಗಳಲ್ಲಿ ಮೊದಲು ನಿಲ್ಲೋದು ಆಕೆಯ ಕಾಲೇಜು.

ಇಶ್ಯೂ ರಿಜಿಸ್ಟರ್ ಹೇಳುವ ಕಥೆ

ಎರಡೂ ತಾಲ್ಲೂಕು ಕೇಂದ್ರಗಳಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2021-22ರಿಂದ ರಾಜ್ಯದಲ್ಲಿ ಪದವಿ ಪ್ರವೇಶ ಯುಯುಸಿಎಂಎಸ್ ಪೋರ್ಟಲ್ ಮೂಲಕ ನಡೆಯುತ್ತಿದೆ. ವಿದ್ಯಾರ್ಥಿ ವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ ಎಲ್ಲ ಆಗಲೇ ಸರ್ಕಾರದ ಕೈಲಿದೆ. ಅದರ ಮುಂದೆ ಲೈಬ್ರರಿ ಮಾಹಿತಿ ಸಣ್ಣದು ಅನ್ನಿಸುತ್ತೆ.

ಆದರೆ ಒಂದು ವ್ಯತ್ಯಾಸ ಇದೆ. ವಿದ್ಯಾರ್ಥಿ ಯಾರು ಅನ್ನೋದನ್ನು ಪೋರ್ಟಲ್ ಹೇಳಿದರೆ, ಆತನ ತಲೆಯಲ್ಲಿ ಏನು ಓಡ್ತಿದೆ ಅನ್ನೋದನ್ನು ಇಶ್ಯೂ ರಿಜಿಸ್ಟರ್ ಹೇಳುತ್ತೆ. ವಿಶೇಷ ವಿವಾಹ ಕಾಯ್ದೆಯ ಪುಸ್ತಕ, ಖಿನ್ನತೆ ಬಗ್ಗೆ ಪುಸ್ತಕ, ಬೇರೆ ಧರ್ಮದ ಗ್ರಂಥ – ಯಾವುದನ್ನು ತಗೊಂಡರೂ ಅದರ ಮುಂದೆ ಒಂದು ಹೆಸರು ಕೂರುತ್ತೆ. ಊರು ಸಣ್ಣದು, ಎಲ್ಲರಿಗೂ ಎಲ್ಲರೂ ಗೊತ್ತು. ಯಾರೋ ನೋಡ್ತಾರೆ ಅಂತ ಅನುಮಾನ ಬಂದರೆ ಆ ಪುಸ್ತಕ ಕಪಾಟಿನಲ್ಲೇ ಉಳಿಯುತ್ತೆ.

ಇನ್ನೊಂದು, ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗಿರುವ ಬುಕ್ ಬ್ಯಾಂಕ್. ಬಡ ಮಕ್ಕಳಿಗೆ ವರ್ಷಪೂರ್ತಿ ಪಠ್ಯಪುಸ್ತಕ ಕೊಡುವ ಒಳ್ಳೆ ಯೋಜನೆ ಇದು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಇಲ್ಲಿ ಇದರ ಅಗತ್ಯ ಬಿಡಿಸಿ ಹೇಳಬೇಕಿಲ್ಲ. ಆದರೆ ಬುಕ್ ಬ್ಯಾಂಕ್ ಪಟ್ಟಿ ಅಂದರೆ ಹೆಸರಿನ ಜೊತೆ ಜಾತಿಯ ಪಟ್ಟಿಯೂ ಹೌದು. ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರೆ, ಕ್ಲಾಸ್ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರೆ, ಸೌಲಭ್ಯ ಪಡೆಯೋಕೆ ಜಾತಿಯನ್ನು ಎಲ್ಲರ ಮುಂದೆ ಹೇಳಿಸಿದ ಹಾಗೆಯೇ ಆಯ್ತು.

ನ್ಯಾಕ್ ಬಂತು, ರಿಜಿಸ್ಟರ್ ಸ್ಕ್ಯಾನ್ ಆಯ್ತು

ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್, ದಿನಕ್ಕೆ ಎಷ್ಟು ಜನ ಲೈಬ್ರರಿ ಬಳಸ್ತಾರೆ ಅನ್ನೋದಕ್ಕೆ ದಾಖಲೆ ಕೇಳುತ್ತಾ ಬಂದಿದೆ. ಬೇಕಿರೋದು ಲೆಕ್ಕ. ಆದರೆ ಸಾಕ್ಷಿ ಇರಲಿ ಅಂತ ರಿಜಿಸ್ಟರ್ ಪುಟಗಳನ್ನೇ ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿ, ಕಾಲೇಜು ವೆಬ್‌ಸೈಟಿಗೆ ಏರಿಸುವ ರೂಢಿ ದೇಶದ ಎಷ್ಟೋ ಕಾಲೇಜುಗಳಲ್ಲಿದೆ. ಹೆಸರು, ಸಹಿ, ಸಮಯ ಎಲ್ಲ ಅದರಲ್ಲೇ. ಹುಡುಗರು ಡಿಗ್ರಿ ಮುಗಿಸಿ ಹೋದ ಮೇಲೂ ಆ ಪಿಡಿಎಫ್ ಅಲ್ಲೇ ಇರುತ್ತೆ.

ಗ್ರಂಥಪಾಲಕರನ್ನೇ ಬೈದರೆ ಪ್ರಯೋಜನ ಇಲ್ಲ. ಪುಸ್ತಕ ಕಳೆದರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರೇ. ಕಾಯಂ ಗ್ರಂಥಪಾಲಕರಿಲ್ಲದೆ ಬೇರೆಯವರಿಗೆ ಹೆಚ್ಚುವರಿ ಹೊಣೆ ಕೊಟ್ಟ ಕಾಲೇಜುಗಳೂ ರಾಜ್ಯದಲ್ಲಿವೆ. ಮೇಲಿನವರು ದಾಖಲೆ ಕೇಳ್ತಾರೆ, ಇವರು ಕೊಡ್ತಾರೆ. ಮರೆಮಾಚಿ ಕೊಡಿ ಅಂತ ಯಾರೂ ಹೇಳಿಲ್ಲ.

ಕಾನೂನು ಎಲ್ಲಿಯವರೆಗೆ ಬಂದಿದೆ

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮ ರಾಜ್ಯದವರೇ. ಅದಾದ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಿಯಮಗಳು ಹೊರಬರೋಕೆ 2025ರ ನವೆಂಬರ್ ಆಯ್ತು. ಮಾಹಿತಿ ಇಟ್ಟುಕೊಂಡ ಸಂಸ್ಥೆಗಳ ಮುಖ್ಯ ಹೊಣೆಗಳು ಜಾರಿಯಾಗೋದು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಈ ಕಾಯ್ದೆ ಡಿಜಿಟಲ್ ರೂಪದ ಮಾಹಿತಿಗೆ ಮಾತ್ರ. ಟೇಬಲ್ ಮೇಲಿನ ಕಾಗದದ ರಿಜಿಸ್ಟರ್ ಅದರ ಹೊರಗೆ. ಅದೇ ಪುಟ ಸ್ಕ್ಯಾನ್ ಆದ ಕ್ಷಣ, ಎಕ್ಸೆಲ್ ಶೀಟಿಗೆ ಹೋದ ಕ್ಷಣ ಕಾಯ್ದೆಯ ಒಳಗೆ. ಮಾಹಿತಿ ಸರಿಯಾಗಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು.

18 ತುಂಬದವರೆಲ್ಲ ಈ ಕಾಯ್ದೆಯಲ್ಲಿ ಮಕ್ಕಳು. ಅಂದರೆ ಪಿಯುಸಿಯ ಹೆಚ್ಚಿನ ವಿದ್ಯಾರ್ಥಿಗಳು, ಪಂಚಾಯಿತಿ ಲೈಬ್ರರಿಯಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಸದಸ್ಯರಾದ ಮಕ್ಕಳು. ಇವರ ಮಾಹಿತಿ ಬಳಸೋಕೆ ತಂದೆ-ತಾಯಿಯ ಒಪ್ಪಿಗೆ ಬೇಕು. ಶಿಕ್ಷಣ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಗಾಗಿ ನಿಗಾ ಇಡೋದಕ್ಕೆ ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಇದೆ ನಿಜ. ಹೆಸರಿನ ಪಟ್ಟಿ ವೆಬ್‌ಸೈಟಿಗೆ ಹಾಕೋದು ಈ ಎರಡರಲ್ಲಿ ಯಾವುದು?

ಇದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ)ಯನ್ನೂ ಬದಲಿಸಿದೆ. ‘ವೈಯಕ್ತಿಕ ಮಾಹಿತಿ’ ಅಂತ ಹೇಳಿ ಕಚೇರಿಗಳು ಅರ್ಜಿ ತಿರಸ್ಕರಿಸೋಕೆ ಈಗ ದಾರಿ ಸುಲಭ. ಆ ಬದಲಾವಣೆ ಮಾತ್ರ 18 ತಿಂಗಳು ಕಾಯಲಿಲ್ಲ, ನವೆಂಬರ್‌ನಲ್ಲೇ ಜಾರಿಗೆ ಬಂತು. ಕಚೇರಿಯ ಬಾಗಿಲು ಬೇಗ ಮುಚ್ಚಿತು, ವಿದ್ಯಾರ್ಥಿಯ ರಕ್ಷಣೆಗೆ ಇನ್ನೂ ದಿನ ಎಣಿಸಬೇಕು.

ಕಂಪ್ಯೂಟರ್ ಬಂದ್ರೆ ಸರಿ ಹೋಗುತ್ತಾ?

ತಾನಾಗೇ ಹೋಗಲ್ಲ. 2023ರ ಅಕ್ಟೋಬರ್‌ನಲ್ಲಿ ಲಂಡನ್‌ನ ಬ್ರಿಟಿಷ್ ಲೈಬ್ರರಿಗೇ ಹ್ಯಾಕರ್‌ಗಳು ನುಗ್ಗಿದ್ದರು. ದುಡ್ಡು ಕೊಡಲ್ಲ ಅಂದಾಗ ಸುಮಾರು 600 ಜಿಬಿ ಮಾಹಿತಿ ಹೊರಗೆ ಬಿಟ್ಟರು. ಓದುಗರ ವಿವರವೂ ಅದರಲ್ಲಿತ್ತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದ್ರೆ, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸೋ ಕಡೆ ಏನು ಗತಿ?

ಸರಿಯಾಗಿ ಬಳಸಿದರೆ ತಂತ್ರಾಂಶದಿಂದ ಅನುಕೂಲವೂ ಇದೆ. ಉಚಿತವಾಗಿ ಸಿಗುವ ಕೋಹಾ ತಂತ್ರಾಂಶದಲ್ಲಿ ಪುಸ್ತಕ ವಾಪಸ್ ಬಂದ ಮೇಲೆ ಯಾರು ಓದಿದ್ದರು ಅನ್ನೋ ಕೊಂಡಿ ಅಳಿಸುವ ಸೌಲಭ್ಯ ಇದೆ. ಲೆಕ್ಕ ಉಳಿಯುತ್ತೆ, ಹೆಸರು ಹೋಗುತ್ತೆ.

ದುಡ್ಡಿಲ್ಲದೆ ಆಗುವ ಕೆಲಸ

ಕಾಲೇಜುಗಳು 2027ರ ಮೇ ತನಕ ಕಾಯಬೇಕಿಲ್ಲ. ಪ್ರವೇಶ ರಿಜಿಸ್ಟರಿನಿಂದ ಮೊಬೈಲ್ ಕಾಲಂ ತೆಗೆಯಬಹುದು. ರೋಲ್ ನಂಬರ್ ಒಂದೇ ಸಾಕು. ಬರೆದ ಸಾಲುಗಳ ಮೇಲೆ ಒಂದು ರಟ್ಟು ಇಡಬಹುದು. ನ್ಯಾಕ್‌ಗೆ ದಿನವಾರು ಸಂಖ್ಯೆ ಕೊಟ್ಟು, ಪುಟ ತೋರಿಸಲೇಬೇಕಾದರೆ ಹೆಸರು ಮುಚ್ಚಿ ಸ್ಕ್ಯಾನ್ ಮಾಡಬಹುದು. ಹಳೆ ಪಿಡಿಎಫ್‌ಗಳನ್ನು ಕೆಳಗಿಳಿಸಬಹುದು. ಬುಕ್ ಬ್ಯಾಂಕ್ ಪುಸ್ತಕ ಬಂದಿದ್ದನ್ನು ಒಬ್ಬೊಬ್ಬರಿಗೇ ತಿಳಿಸಬಹುದು.

ವಿದ್ಯಾರ್ಥಿಗಳೂ ಸುಮ್ಮನಿರಬೇಕಿಲ್ಲ. ‘ಸರ್, ನಂಬರ್ ಯಾಕೆ ಬೇಕು?’ ‘ಮೇಡಂ, ಇದನ್ನು ಎಷ್ಟು ದಿನ ಇಡ್ತೀರ?’ ಅಂತ ಕೇಳೋದು ಉದ್ಧಟತನ ಅಲ್ಲ. ಗೂಗಲ್‌ನಲ್ಲಿ ತಮ್ಮ ಹೆಸರು, ಕಾಲೇಜಿನ ಹೆಸರು ಹಾಕಿ ಒಮ್ಮೆ ಹುಡುಕಿ ನೋಡಿ, ಪುಟ ಸಿಕ್ಕರೆ ಪ್ರಾಂಶುಪಾಲರಿಗೆ ಲಿಖಿತವಾಗಿ ಕೊಟ್ಟು ತೆಗೆಸಿ ಅಂತ ಕೇಳಬಹುದು.

ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲಿನಲ್ಲಿ ರಕ್ಷಣೆ, ವಿಜ್ಞಾನ ಸಂಸ್ಥೆಗಳ ಕಾಂಪೌಂಡ್ ಎದ್ದಿದೆ. ಒಳಗಿನ ಮಾಹಿತಿ ಹೊರಗೆ ಹೋಗಬಾರದು ಅಂತ ಅಲ್ಲಿ ಕಾವಲು. ಅದೇ ತಾಲ್ಲೂಕಿನ ಹುಡುಗಿಯ ಫೋನ್ ನಂಬರಿಗೆ ಒಂದು ರಟ್ಟಿನ ಮರೆಯಾದರೂ ಸಿಗಲಿ.