ಸೂರಿಗಾದರೆ ಪಿ.ಎಫ್. ತೆಗೆಯಿರಿ, ಸೈಟಿಗಲ್ಲ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಸಂಬಳದ ಲೆಕ್ಕ ಬರೆದೇ ನಿವೃತ್ತನಾದವನು ನಾನು. ‘ಸಾರ್, ನನ್ ಪಿ.ಎಫ್. ಎಷ್ಟು ಸಿಗುತ್ತೆ?’ ಎಂದು ಮೇಜಿನ ಮುಂದೆ ನಿಲ್ಲುತ್ತಿದ್ದವರಿಗೆ ಕಾರಣ ಸಾಮಾನ್ಯವಾಗಿ ಎರಡೇ: ಮದುವೆ ಇಲ್ಲವೇ ಮನೆ. ಮದುವೆಯವರಿಗೆ ಬುದ್ಧಿ ಹೇಳಿ ಪ್ರಯೋಜನವಿರಲಿಲ್ಲ, ಛತ್ರ ಆಗಲೇ ಬುಕ್ ಆಗಿರುತ್ತಿತ್ತು. ಮನೆಯವರನ್ನು ಮಾತ್ರ ಕೂರಿಸಿ ಲೆಕ್ಕ ಹಾಕಿಸುತ್ತಿದ್ದೆ.

ಮನೆಗಾಗಿ ತೆಗೆಯಲು ಐದು ವರ್ಷ ಸದಸ್ಯರಾಗಿರಬೇಕು ಎಂಬ ನಿಯಮವಿತ್ತು. 2025ರ ಅಕ್ಟೋಬರ್ 13ರಂದು ಭವಿಷ್ಯನಿಧಿಯ ಟ್ರಸ್ಟಿಗಳ ಮಂಡಳಿ ಭಾಗಶಃ ಹಣ ತೆಗೆಯಲು 12 ತಿಂಗಳ ಸೇವೆ ಸಾಕೆಂದು ತೀರ್ಮಾನಿಸಿತು. ಕಟ್ಟಿದ್ದರಲ್ಲಿ ಶೇ 25ರಷ್ಟು ಖಾತೆಯಲ್ಲೇ ಉಳಿಯಬೇಕು ಎಂದೂ ಹೇಳಿತು. ಅದಕ್ಕೆ ಅನೇಕರ ಸಿಟ್ಟು: ನಮ್ಮ ದುಡ್ಡು ಹಿಡಿಯಲು ಇವರ್ಯಾರು? ಈ ಸಿಟ್ಟು ಹೊಸದಲ್ಲ. ಮಾಲೀಕರ ಪಾಲನ್ನು 58 ತುಂಬುವವರೆಗೆ ಕೊಡುವುದಿಲ್ಲ ಎಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದರು. ಕೇಂದ್ರ ಸರ್ಕಾರ ಆದೇಶವನ್ನೇ ವಾಪಸು ಪಡೆಯಿತು. ಅವರ ಕೇಳಿಕೆ ನ್ಯಾಯವಾದದ್ದು. ಅಷ್ಟು ವಯಸ್ಸಿನವರೆಗೆ ಅವರನ್ನು ಕೆಲಸದಲ್ಲಿ ಇಟ್ಟುಕೊಳ್ಳುವವರು ಯಾರು? ಕಾಲು ಭಾಗ ಉಳಿಸಿ ಎನ್ನುವುದು ಬೇರೆ ಮಾತು. ಅದಕ್ಕೆ ನನ್ನ ತಕರಾರಿಲ್ಲ.

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯವರು 50 ಲಕ್ಷದ ಫ್ಲ್ಯಾಟ್ ನೋಡಿದ್ದಾರೆ ಎನ್ನಿ. ಆ ಬೆಲೆಗೆ ಬ್ಯಾಂಕು ಶೇ 80ಕ್ಕಿಂತ ಹೆಚ್ಚು ಸಾಲ ಕೊಡುವಂತಿಲ್ಲ. ಹತ್ತು ಲಕ್ಷ ಕೈಯಿಂದ ಹೊರಡಬೇಕು. ಮುದ್ರಾಂಕ ಶುಲ್ಕ ಶೇ 5. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2. ಅಲ್ಲಿಗೆ ಇನ್ನೂ ಮೂರೂವರೆ ಲಕ್ಷ, ಸೆಸ್ಸು ಬೇರೆ. ಈ ಹದಿಮೂರೂವರೆ ಲಕ್ಷಕ್ಕೇ ಜನ ಚೀಟಿ ಕೂಗುವುದು, ಹೆಂಡತಿಯ ಸರ ಅಡವಿಡುವುದು, ಫೈನಾನ್ಸಿನವರ ಬಾಗಿಲು ತಟ್ಟುವುದು. ಅಂಥ ಸಾಲಕ್ಕಿಂತ ಪಿ.ಎಫ್. ಸಾವಿರ ಪಾಲು ವಾಸಿ. ತೆಗೆಯಿರಿ.

ಆದರೆ ಬ್ಯಾಂಕು ಕೊಡಲು ಸಿದ್ಧವಿರುವ ಸಾಲವನ್ನು ಕಡಿಮೆ ಮಾಡಿಕೊಳ್ಳಲೆಂದು ಪಿ.ಎಫ್. ಬರಿದು ಮಾಡಬೇಡಿ. 2024-25ಕ್ಕೆ ಅದಕ್ಕೆ ಸಿಕ್ಕಿದ್ದು ಶೇ 8.25 ಬಡ್ಡಿ, ನಮ್ಮಂಥ ಸಂಬಳದವರಿಗೆ ತೆರಿಗೆಯೂ ಇಲ್ಲ. ಗೃಹಸಾಲ ಅದಕ್ಕಿಂತ ಕಡಿಮೆ ಬಡ್ಡಿಗೆ ಸಿಗುವಾಗ, ಕಂತು ಕಟ್ಟುವ ಶಕ್ತಿಯಿದ್ದರೆ, ತೆಗೆದವನಿಗೇ ನಷ್ಟ. ಇದೇ ದರ ಮುಂದುವರಿದರೆ ಇಂದಿನ ಐದು ಲಕ್ಷ ಇಪ್ಪತ್ತು ವರ್ಷಕ್ಕೆ ಸುಮಾರು 24 ಲಕ್ಷವಾಗುತ್ತದೆ. ಮಾಡ್ಯುಲರ್ ಕಿಚನ್ನಿಗೆ ಅದನ್ನು ಸುರಿಯುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಇನ್ನು ಸೈಟು. ನಮ್ಮ ಕಾರ್ಖಾನೆಯಲ್ಲಿದ್ದ ಒಬ್ಬ ಫಿಟ್ಟರು ಪಿ.ಎಫ್. ತೆಗೆದು ಊರಾಚೆ ರೆವಿನ್ಯೂ ಸೈಟು ಮಾಡಿದ. ಕಟ್ಟೋಣವೆಂದರೆ ಬ್ಯಾಂಕು ಸಾಲ ಕೊಡಲಿಲ್ಲ. ಈಗ ಮಾರೋಣವೆಂದರೆ ಇ-ಖಾತೆ ಎಲ್ಲಿ ಎನ್ನುತ್ತಾರೆ. ಬಾಡಿಗೆ ಕಟ್ಟುವುದು ಮಾತ್ರ ನಿಂತಿಲ್ಲ.

ಪಿ.ಎಫ್. ಕಚೇರಿಗೆ ನನ್ನದೊಂದು ಕೇಳಿಕೆ. ಆನ್‌ಲೈನಿನಲ್ಲಿ ಮನೆಗೆಂದು ಅರ್ಜಿ ಹಾಕುವಾಗ, ಸಬ್ಮಿಟ್ ಗುಂಡಿಯ ಮೇಲೆಯೇ ಒಂದು ಸಾಲು ಕಾಣುವಂತೆ ಮಾಡಿ: ಈ ಮೊತ್ತ ಖಾತೆಯಲ್ಲೇ ಉಳಿದರೆ, ಇಂದಿನ ಬಡ್ಡಿ ದರದಲ್ಲಿ, ನಿಮ್ಮ 58ನೇ ವಯಸ್ಸಿಗೆ ಇಷ್ಟಾಗುತ್ತದೆ. ಅದನ್ನು ಓದಿದ ಮೇಲೂ ಗುಂಡಿ ಒತ್ತುವವರು ಧಾರಾಳವಾಗಿ ಒತ್ತಲಿ.