ಸೈಕಾಲಜಿಗೆ ಸೇರಿಸುವ ಮುಂಚೆ ಐದು ವರ್ಷದ ಲೆಕ್ಕ ಹಾಕಿ

ಪಿಯುಸಿ ರಿಸಲ್ಟ್ ಬಂದ ವಾರವೇ ಈ ಪ್ರಶ್ನೆ ಶುರುವಾಗುತ್ತೆ. ‘ಮಗಳು ಸೈಕಾಲಜಿ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ, ಸೇರಿಸಬಹುದಾ? ಕೆಲಸ ಸಿಗುತ್ತಾ?’ ಅರಸೀಕೆರೆ, ಹಾಸನದ ಅಮ್ಮಂದಿರು ಕೇಳೋದೂ ಇದನ್ನೇ, ಬೆಂಗಳೂರಿನವರು ಕೇಳೋದೂ ಇದನ್ನೇ.

ಧಾರಾಳವಾಗಿ ಸೇರಿಸಿ. ಆದರೆ ಮೂರು ವರ್ಷದ ಫೀಸು ಹೊಂದಿಸಿ ಸುಮ್ಮನಾಗಬೇಡಿ.

ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಆ ಮೂರು ವರ್ಷ ಮುಗಿಸಿದ ಕೂಡಲೇ ಯಾರೂ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕಿಕೊಂಡು ಕೂರುವಂತಿಲ್ಲ. ಬರೀ ಬಿಎ ಇಟ್ಟುಕೊಂಡು ಹೊರಟರೆ ಸಿಗೋದು ಎಚ್‌ಆರ್ ವಿಭಾಗದ ಸಣ್ಣ ಕೆಲಸ, ಸಂಸ್ಥೆಗಳಲ್ಲಿ ಸಹಾಯಕಿ ಹುದ್ದೆ. ಸಂಬಳ ಬೇರೆ ಬಿಎ ಓದಿದವರಿಗಿಂತ ಹೆಚ್ಚೇನಿಲ್ಲ. ಕೌನ್ಸೆಲರ್ ಆಗೋಕೆ ಸಾಮಾನ್ಯವಾಗಿ ಎಂಎ ಅಥವಾ ಎಂಎಸ್ಸಿ ಕೇಳ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಅದರ ಮೇಲೂ ತರಬೇತಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಇಷ್ಟು ವರ್ಷ ಅದಕ್ಕಿದ್ದ ಮುಖ್ಯ ದಾರಿ ಎರಡು ವರ್ಷದ ಎಂಫಿಲ್. ಅದಕ್ಕೆ ಯುಜಿಸಿ 2025-26ರವರೆಗೆ ವಿನಾಯಿತಿ ಕೊಟ್ಟಿತ್ತು. ಹಾಗಾಗಿ ಮುಂದಿನ ದಾರಿ ಯಾವುದು ಅಂತ ಪರಿಷತ್ತಿನಿಂದಲೇ ತಿಳಿದುಕೊಳ್ಳಿ, ಕಾಲೇಜಿನ ಜಾಹೀರಾತು ನಂಬಬೇಡಿ.

ಈ ವಿಷಯದ ತರಗತಿಗಳಲ್ಲಿ ಹುಡುಗಿಯರೇ ಹೆಚ್ಚು. ನಮ್ಮ ಮನೆಗಳಲ್ಲಿ ‘ಡಿಗ್ರಿ ಆಯ್ತಲ್ಲ, ಇನ್ನು ಗಂಡು ನೋಡೋಣ’ ಎಂಬ ಮಾತು ಕೇಳಿಬರುವುದು ಹುಡುಗಿಯರಿಗೇ. ಎಂಜಿನಿಯರಿಂಗ್ ಓದಿದವಳಿಗೆ ನಾಲ್ಕು ವರ್ಷಕ್ಕೇ ಒಂದು ಕೆಲಸ ಸಿಕ್ಕೀತು. ಸೈಕಾಲಜಿಯವಳನ್ನು ಮೂರಕ್ಕೇ ನಿಲ್ಲಿಸಿದರೆ ಖರ್ಚು ಮಾಡಿದ್ದೂ ವ್ಯರ್ಥ, ಅವಳ ಆಸೆಯೂ ಅರ್ಧಕ್ಕೇ ನಿಂತಂತೆ. ಯಜಮಾನರ ಹತ್ತಿರ ಈ ಮಾತನ್ನು ಅಡ್ಮಿಷನ್ನಿಗೆ ಮುಂಚೆಯೇ ಆಡಿಬಿಡಿ.

ಇನ್ನು ಖರ್ಚು. ಬೆಂಗಳೂರಿನ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಫೀಸು ಲಕ್ಷ ದಾಟೋದು ಮಾಮೂಲು, ಪಿಜಿ ಬಾಡಿಗೆ ಬೇರೆ. ಸರ್ಕಾರಿ ಕಾಲೇಜಿನಲ್ಲಿ ಅದರ ಸಣ್ಣ ಪಾಲು ಸಾಕು. ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಈ ವಿಷಯ ಇದೆಯಾ ಅಂತ ಮೊದಲು ವಿಚಾರಿಸಿ. ಇದ್ದರೆ, ಹಳೇಬೀಡಿನ ಪಕ್ಕದ ಹುಲಿಕೆರೆಯಿಂದ ದಿನಾ ಓಡಾಡೋ ಹುಡುಗಿಗೂ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜಿಲ್ಲ. ಹೀಗೆ ಉಳಿಸಿದ ದುಡ್ಡನ್ನು ಎಂಎಗೆ ಎತ್ತಿಡಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲೇ ಈ ವಿಭಾಗ ಶುರು ಮಾಡಿದ್ದರು. ಮನೆಯಲ್ಲೇ ರೇಡಿಯೋ ನಡೆಸಿ ‘ಆಕಾಶವಾಣಿ’ ಅಂತ ಕರೆದವರೂ ಅವರೇ! ಒಳ್ಳೆ ಓದಿಗೆ ಬೆಂಗಳೂರೇ ಆಗಬೇಕೆಂದಿಲ್ಲ.

ಬೇಡಿಕೆ ಇಲ್ಲ ಅನ್ನೋ ಹಾಗಿಲ್ಲ. ನಿಮ್ಹಾನ್ಸ್‌ನ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ 10.6ರಷ್ಟು ವಯಸ್ಕರಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. 2022ರಲ್ಲಿ ಶುರುವಾದ ಟೆಲಿ ಮನಸ್ (14416) ಸಹಾಯವಾಣಿಗೂ ಓದಿದ ಕೌನ್ಸೆಲರುಗಳೇ ಬೇಕು.

‘ಮನೆಯಲ್ಲಿದ್ದೇ ಅಂಚೆ ಶಿಕ್ಷಣದಲ್ಲಿ ಓದಿದರಾಯ್ತು’ ಅಂತ ಮಗಳಿಗೋ ನಿಮಗೋ ಅನಿಸಿದ್ದರೆ ಆ ಬಾಗಿಲು ಮುಚ್ಚಿದೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲೀ ಆನ್‌ಲೈನಿನಲ್ಲಾಗಲೀ ಕಲಿಸಬಾರದೆಂದು ಯುಜಿಸಿ ಹೇಳಿದೆ. ಅಂಥ ಸೀಟು ಕೊಡ್ತೀವಿ ಅಂತ ಯಾರಾದರೂ ಫೋನು ಮಾಡಿದರೆ ದುಡ್ಡು ಕಟ್ಟಬೇಡಿ.