ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದ ಕನ್ನಡ

ಕರಣಕೋಟ, ತಾಂಡೂರು, ಜಹೀರಾಬಾದ್, ನಾರಾಯಣಖೇಡದ ತಮ್ಮಂದಿರೇ, ತಂಗಿಯರೇ,

ನಿಮ್ಮಲ್ಲಿ ಎಷ್ಟೋ ಮಂದಿ ಮೊಬೈಲಿನಲ್ಲಿ ನಾಲ್ಕು ಸಾಲು ಕವಿತೆ ಬರೆದು, ಯಾರಿಗೂ ತೋರಿಸದೆ ಅಳಿಸಿ ಹಾಕ್ತೀರಿ ಅಂತ ನಮಗೆ ಗೊತ್ತು. ಯಾಕಂದ್ರೆ ನಾವೂ ಅದನ್ನೇ ಮಾಡಿದವರು. ನಮ್ಮ ಕೈಯಲ್ಲಿ ಆಗ ಸ್ಮಾರ್ಟ್‌ಫೋನ್ ಇರಲಿಲ್ಲ, ಬಿ.ಕಾಂ. ಅಕೌಂಟೆನ್ಸಿ ನೋಟ್‌ಬುಕ್ ಇತ್ತು. ಮುಂದಿನ ಪುಟಗಳಲ್ಲಿ ಡೆಬಿಟ್, ಕ್ರೆಡಿಟ್. ಕೊನೇ ಪುಟಗಳಲ್ಲಿ ಕನ್ನಡ ಕವಿತೆ. ಅದೂ ತೆಲುಗು ಅಕ್ಷರದಲ್ಲಿ ಬರೆದ ಕನ್ನಡ ಕವಿತೆ! ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ನೌಕರಿ ಪರೀಕ್ಷೆಗೆ ಇಂಗ್ಲಿಷ್. ಕನ್ನಡ ಬಾಯಲ್ಲಿತ್ತು, ಕೈಗೆ ಬಂದಿರಲಿಲ್ಲ.

ಇದು ನಮ್ಮೊಬ್ಬರ ಕತೆ ಅಲ್ಲ. 1956ರ ನವೆಂಬರ್ 1ರಂದು ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಅದರ ತಾಂಡೂರು, ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು. ಬೀದರ್ ಜಿಲ್ಲೆಯಿಂದ ಜಹೀರಾಬಾದ್, ನಾರಾಯಣಖೇಡದ ಸೀಮೆಯೂ ಈ ಕಡೆಗೆ ಬಂತು. ಬೀಗತನ, ಸಂತೆ, ಜಾತ್ರೆ ಇವತ್ತಿಗೂ ಗಡಿ ದಾಟಿ ನಡೀತಾವೆ. ಆದ್ರೆ ಹತ್ತಿರದಲ್ಲಿ ಕನ್ನಡ ಶಾಲೆ ಇಲ್ಲದ ನಮ್ಮಂಥ ಮಕ್ಕಳ ಹತ್ರ ಕನ್ನಡ ಪುಸ್ತಕ ಮಾತ್ರ ದಾಟಿ ಬರಲಿಲ್ಲ.

ಡಿಗ್ರಿ ಎರಡನೇ ವರ್ಷದಲ್ಲಿ ನಾವೇ ಕೂತು ಕನ್ನಡ ಲಿಪಿ ಕಲಿತೆವು. ಒಂದು ಕತೆ ಬರೆದು, ಗಡಿ ಆಚೆಯ ಒಂದು ಕಾರ್ಯಕ್ರಮಕ್ಕೆ ತಗೊಂಡು ಹೋದೆವು. ಕತೆಯಲ್ಲಿ ಅಜ್ಜಿ, "ರೊಟ್ಟಿ ಕಟ್ಲತ್ತೀನಿ, ಹೊಲಕ್ಕ ಹೋಗ್ಬೇಕು" ಅಂತಾಳೆ. ಅಲ್ಲಿದ್ದ ಹಿರಿಯರೊಬ್ಬರು ಕೆಂಪು ಪೆನ್ನು ತಗೊಂಡು "ರೊಟ್ಟಿ ಕಟ್ಟುತ್ತಿದ್ದೇನೆ" ಅಂತ ತಿದ್ದಿದ್ರು. "ಮೊದಲು ಶುದ್ಧ ಕನ್ನಡ ಕಲೀರಿ, ಆಮೇಲೆ ಕತೆ" ಅಂದ್ರು. ಕಾಗದ ಮಡಚಿ ಜೇಬಿಗೆ ಇಟ್ಕೊಂಡು ಬಸ್ ಹತ್ತಿದೆವು. ಆಮೇಲೆ ಆರು ವರ್ಷ ಒಂದು ಸಾಲೂ ಬರೀಲಿಲ್ಲ. ಇಲ್ಲಿ ನಾವು ಕನ್ನಡದವರು, ಅಲ್ಲಿ ಹೋದ್ರೆ ತೆಲುಗಿನವರು. ಹಾಗಾದ್ರೆ ಬರೆಯೋದು ಯಾರಿಗಾಗಿ ಅನ್ನಿಸಿಬಿಟ್ಟಿತ್ತು.

ಆ ಹಿರಿಯರ ಮೇಲೆ ಈಗ ಸಿಟ್ಟಿಲ್ಲ. ಅವರ ಮಾತನ್ನ ಅಷ್ಟು ಸುಲಭಕ್ಕೆ ನಂಬಿದೆವಲ್ಲ ಅಂತ ನಮ್ಮ ಮೇಲೇ ಸಿಟ್ಟಿದೆ.

ತಾಂಡೂರಿನ ಹತ್ತಿರ ಹರಿಯುವ ಕಾಗಿಣಾ ಹೊಳೆ ನೋಡಿದ್ದೀರಲ್ಲ? ಅದೇ ನೀರು ಮುಂದೆ ಸೇಡಂ ತಾಲೂಕಿನ ಮಳಖೇಡಕ್ಕೆ ಹೋಗುತ್ತೆ. ಅದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಅದು. ಕನ್ನಡ ಅಂದ್ರೆ ಒಂದೇ ಅಲ್ಲ, ಹಲವು ಕನ್ನಡಗಳಿವೆ ಅಂತ ಆಗಲೇ ಅದು ಗುರುತಿಸಿತ್ತು. ಓದು ಕಲಿಯದ ಜನಕ್ಕೂ ಕಾವ್ಯದ ಬುದ್ಧಿ ಇದೆ ಅಂತಲೂ ಹೇಳಿತ್ತು. ಅದೇ ಹೊಳೆ ದಂಡೆಯ ನಮ್ಮ ಮಾತು ಅಶುದ್ಧ ಹೇಗಾಗುತ್ತೆ?

ಹಳೇ ಕಾಲದ್ದು ಬೇಡ, ನಮ್ಮ ಕಾಲದ್ದೇ ನೋಡಿ. ಗೀತಾ ನಾಗಭೂಷಣ ಕಲಬುರಗಿ ಕಡೆಯವರು, ಗಿರಣಿ ಕಾರ್ಮಿಕರ ಮಗಳು. ಗುಮಾಸ್ತೆಯಾಗಿ ದುಡಿದುಕೊಂಡೇ ಓದಿದವರು. ನಾವು ಮನೆಯಲ್ಲಿ ಆಡ್ತೀವಲ್ಲ, ಅಂಥಾ ಮಾತಿನಲ್ಲೇ ಕಾದಂಬರಿ ಬರೆದ್ರು. ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆ ಕಡೆ ನಂಜನಗೂಡು ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವ ಬರೆದ 'ಕುಸುಮಬಾಲೆ'ಗೂ ಅದೇ ಪ್ರಶಸ್ತಿ ಬಂತು. ಉರ್ದು ಬೆರೆತಿದೆ ಅಂತ ನಾಚಿಕೆನಾ? ರಾಯಚೂರಿನ ಶಾಂತರಸರು ಉರ್ದುವಿನ ಗಜಲನ್ನೇ ಕನ್ನಡಕ್ಕೆ ತಂದ್ರು. ಅವರೂ 2006ರ ಬೀದರ್ ಸಮ್ಮೇಳನದ ಅಧ್ಯಕ್ಷರಾದ್ರು.

ನಮ್ಮನ್ನ ಮತ್ತೆ ಬರೆಯೋಕೆ ಕೂರಿಸಿದ್ದು ಮಾತ್ರ ಬ್ಯಾಂಕಿನ ಕೌಂಟರ್. ಪಿಂಚಣಿ ತಗೊಳ್ಳೋಕೆ ಬಂದ ಒಬ್ಬ ಅವ್ವ, "ತಮ್ಮಾ, ಫಾರಂ ಬರದು ಕೊಡಪ್ಪ" ಅಂದ್ಲು. ಫಾರಂ ಮೇಲೆ ತೆಲುಗು, ಹಿಂದಿ, ಇಂಗ್ಲಿಷ್. ನಾವು ಅದನ್ನ ತುಂಬಿಸೋ ಹೊತ್ತಿಗೆ ಆಕೆ ಫರಸಿ ಗಣಿಯಲ್ಲಿ ಗಂಡನ ಕಾಲು ಹೋದದ್ದು, ಹೂವಿಗೆ ಬಂದ ತೊಗರಿ ಒಣಗಿದ್ದು, ಮಗ ಹೈದರಾಬಾದಿಗೆ ಹೋಗಿ ಫೋನೂ ಮಾಡದೆ ಇರೋದು, ಎಲ್ಲಾ ಹೇಳಿ ಮುಗಿಸಿದ್ಲು. ಕೊನೆಗೆ ಹೆಬ್ಬೆಟ್ಟು ಒತ್ತಿ, ಎರಡು ಸಾವಿರ ಎಣಿಸಿ ಸೆರಗಿಗೆ ಕಟ್ಟಿಕೊಂಡು ಹೋದ್ಲು. ನಮ್ಮ ಲೆಕ್ಕದಲ್ಲಿ ಉಳಿದದ್ದು ಆಕೆಯ ಹೆಸರು, ಖಾತೆ ನಂಬರ್, ಮೊತ್ತ. ಆ ಮಾತೆಲ್ಲಾ ಎಲ್ಲಿ ಜಮಾ ಆಯ್ತು? ಅವತ್ತು ರಾತ್ರಿ ಮನೆಗೆ ಬಂದು, ಆಕೆ ಹೇಳಿದ ಹಾಗೇ ಬರೆದಿಟ್ಟೆವು. ಒಂದಕ್ಷರ 'ಶುದ್ಧ' ಮಾಡಲಿಲ್ಲ.

ಆದ್ದರಿಂದ ಹೇಳ್ತೀವಿ, ಕನ್ನಡ ಚೆನ್ನಾಗಿ ಬಂದಮೇಲೆ ಬರೆಯೋಣ ಅಂತ ಕಾಯಬೇಡಿ.

ಲಿಪಿ ಬರಲ್ಲ ಅನ್ನೋರು ಹೆದರಬೇಡಿ. ತೆಲುಗು, ಕನ್ನಡ ಲಿಪಿಗಳು ಒಂದೇ ಬೇರಿನವು, ಸುಮಾರು ಎಂಟು ನೂರು ವರ್ಷದ ಹಿಂದೆ ಬೇರೆಬೇರೆ ಆದವು. ಅರ್ಧಕ್ಕರ್ಧ ಅಕ್ಷರ ನೋಡಿದ ಕೂಡಲೇ ಗೊತ್ತಾಗ್ತವೆ. ಕ, ಚ, ತ, ಶ, ಹ ಇಂಥ ಕೆಲವು ಕಡೆ ತಡವರಿಸ್ತೀರಿ. ತೆಲುಗು ಓದೋ ಹುಡುಗ ದಿನಾ ಅರ್ಧ ತಾಸು ಕೂತ್ರೆ ಹದಿನೈದು ದಿನಕ್ಕೆ ಕನ್ನಡ ಓದ್ತಾನೆ. ಅಲ್ಲೀತನಕ ತೆಲುಗು ಅಕ್ಷರದಲ್ಲೇ ಬರೀರಿ, ಪರವಾಗಿಲ್ಲ. ಅದೂ ಬೇಡವಾದ್ರೆ ಅಜ್ಜಿಯ ಬೀಸುವ ಪದ, ಭಜನೆಯ ತತ್ವಪದ, ಮೊಹರಂ ಪದ ಫೋನಿನಲ್ಲಿ ರೆಕಾರ್ಡ್ ಮಾಡಿ. ಅಜ್ಜಿ ಇರೋವಾಗಲೇ ಮಾಡಿ.

ಇನ್ನೊಂದು ಮಾತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತೆ. ಅದನ್ನ ಕೇಳೋಕೆ ಹೋದಾಗ ನಮ್ಮೂರಿನ ಕನ್ನಡ ಎಲ್ಲಿದೆ ಅಂದ್ರೆ ಏನು ತೋರಿಸ್ತೀರಿ? ನೀವು ಬರೆದ ಪುಟಗಳೇ ಆಗ ನಮ್ಮ ಕಾಗದಪತ್ರ.

ಬರೆದದ್ದನ್ನ ಈ ಪುಟಕ್ಕೆ ಕಳಿಸ್ರಿ. ಕಾಗುಣಿತ ತಪ್ಪಿದ್ರೆ ಜೊತೆಗೆ ಕೂತು ಸರಿ ಮಾಡೋಣ. ಅಜ್ಜಿ ಆಡಿದ ಮಾತಿಗೆ ಮಾತ್ರ ನಾವು ಕೆಂಪು ಪೆನ್ನು ಹಚ್ಚೋದಿಲ್ಲ.